‘ಮೋರ್ ಬೆಟರ್’ ಎಂಬ ತಪ್ಪು ಮತ್ತು ಕನ್ನಡ ಅಧ್ಯಾಪಕರ ಹೊಣೆ

ಶರಾವತಿ ಹಿನ್ನೀರಿನ ಆಚೆ ದಡದ ಬ್ಯಾಕೋಡು, ತುಮರಿ ಸೀಮೆಗೆ 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಲಿಂಗನಮಕ್ಕಿಯ ನೀರು ಊರುಗಳನ್ನು ಬೇರ್ಪಡಿಸಿದ ಮೇಲೆ ದಶಕಗಳ ಕಾಲ ಲಾಂಚನ್ನೇ ನಂಬಿದ್ದ ಜನ ಅವರು. ಹೀಗಾಗಿ ಅಲ್ಲಿ ಈಗ ಎಲ್ಲರ ಬಾಯಲ್ಲೂ ತುಲನೆಯೇ: ಲಾಂಚಿಗಿಂತ ಸೇತುವೆ ವಾಸಿ. ಇದನ್ನೇ ಇಂಗ್ಲಿಷಿನಲ್ಲಿ ಬರೆಯಿರೆಂದು ಹೈಸ್ಕೂಲಿನ ಮಕ್ಕಳಿಗೆ ಹೇಳಿದರೆ ‘ಬ್ರಿಡ್ಜ್ ಈಸ್ ಮೋರ್ ಬೆಟರ್ ದ್ಯಾನ್ ಲಾಂಚ್’ ಎಂಬ ವಾಕ್ಯ ಬರುವ ಸಂಭವವೇ ಹೆಚ್ಚು. ಬ್ಯಾಕೋಡಿನಲ್ಲಷ್ಟೇ ಅಲ್ಲ, ಕನ್ನಡ ನಾಡಿನ ಯಾವ ಶಾಲೆಯಲ್ಲಾದರೂ. ಇಂಗ್ಲಿಷ್ ಅಧ್ಯಾಪಕರು ‘ಮೋರ್’ ಅನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಾರೆ. ಅದೇಕೆ ಅಲ್ಲಿಗೆ ಬಂದಿತೆಂಬುದನ್ನು ಹೇಳಬೇಕಾದವರು ಯಾರು? ಕನ್ನಡ ಅಧ್ಯಾಪಕರಾದ ನಾವೇ ಎಂಬುದು ನನ್ನ ಅಭಿಪ್ರಾಯ.

ಕನ್ನಡದಲ್ಲಿ ಗುಣವನ್ನು ಹೇಳುವ ಪದ ತುಲನೆಗಾಗಿ ತನ್ನ ರೂಪವನ್ನು ಬದಲಿಸುವುದಿಲ್ಲ. ‘ಸೇತುವೆ ಉದ್ದ’, ‘ಲಾಂಚಿಗಿಂತ ಸೇತುವೆ ಉದ್ದ’, ‘ಎಲ್ಲಕ್ಕಿಂತ ಸೇತುವೆ ಉದ್ದ’ ಎಂಬ ಮೂರರಲ್ಲಿಯೂ ‘ಉದ್ದ’ ಉದ್ದವಾಗಿಯೇ ಉಳಿಯುತ್ತದೆ. ತುಲನೆಯ ಭಾರವನ್ನೆಲ್ಲ ಹೊರುವುದು ಚತುರ್ಥಿಯ ಮೇಲೆ ಕುಳಿತ ‘ಇಂತ’. ಹಳಗನ್ನಡದಲ್ಲಿ ‘ಇಂ’ ಪ್ರತ್ಯಯವೇ ಈ ಕೆಲಸವನ್ನು ಮಾಡುತ್ತಿತ್ತು. ಅಂದರೆ ನಮ್ಮಲ್ಲಿ ತುಲನೆ ನಾಮಪದದ ವಿಭಕ್ತಿಗೆ ಸೇರಿದ ವಿಷಯ. ಇಂಗ್ಲಿಷಿನಲ್ಲಿ ಅದು ಗುಣವಾಚಕದ ರೂಪಕ್ಕೂ ಸೇರಿದ್ದು. ಮಲೆನಾಡಿನಲ್ಲಿ ‘ಅದಕ್ಕಿಂತ ಇದು ಅಡ್ಡಿಯಿಲ್ಲ’ ಎನ್ನುತ್ತಾರೆ. ಅಲ್ಲಿ ಗುಣವಾಚಕವೇ ಇಲ್ಲ, ಆದರೂ ತುಲನೆ ಪೂರ್ಣವಾಗಿದೆ. ಇಂತಹ ಭಾಷೆಯಿಂದ ಹೊರಟ ಮಗುವಿಗೆ ‘ಬೆಟರ್’ ಎಂಬ ಪದದೊಳಗೇ ‘ಹೆಚ್ಚು’ ಅಡಗಿದೆಯೆಂದು ತಾನಾಗಿ ಹೊಳೆಯುವುದಿಲ್ಲ. ಅದು ‘ವಾಸಿ’ ಎಂಬುದಕ್ಕೆ ‘ಬೆಟರ್’ ಎಂದು ಕಲಿತು, ‘ಹೆಚ್ಚು’ ಎಂಬುದನ್ನು ಹೊರಗಿನಿಂದ ತಂದು ಸೇರಿಸುತ್ತದೆ.

ಮಕ್ಕಳ ಮಾತಿರಲಿ, ನಮ್ಮ ವಿದ್ವಾಂಸರೂ ಮಾಡುತ್ತ ಬಂದಿರುವುದು ಇದನ್ನೇ. ಸಂಸ್ಕೃತದ ತರಪ್–ತಮಪ್, ಈಯಸ್–ಇಷ್ಠ ಪ್ರತ್ಯಯಗಳು ಇಂಗ್ಲಿಷಿನ ರೂಪಗಳಂತೆ ಪದದೊಳಗೇ ತಾರತಮ್ಯವನ್ನು ತುಂಬುತ್ತವೆ. ಇಂಗ್ಲಿಷಿನ ‘ಎಸ್ಟ್’ ಮತ್ತು ಸಂಸ್ಕೃತದ ‘ಇಷ್ಠ’ ಒಂದೇ ಮೂಲದವು. ‘ಶ್ರೇಷ್ಠ’ ಎಂದರೆ ಎಲ್ಲರಿಗಿಂತ ಮೇಲು ಎಂದೇ ಅರ್ಥ. ಆದರೆ ಕನ್ನಡಕ್ಕೆ ಬಂದ ಮೇಲೆ ಆ ಪದ ತನ್ನ ಪ್ರತ್ಯಯದ ಬಲವನ್ನು ಕಳೆದುಕೊಂಡಿತು. ‘ಅವನಿಗಿಂತ ಇವನು ಶ್ರೇಷ್ಠ’ ಎನ್ನುತ್ತೇವೆ, ‘ಅತ್ಯಂತ ಶ್ರೇಷ್ಠ’ ಎಂದು ಸಂಶೋಧನ ಪ್ರಬಂಧಗಳಲ್ಲಿಯೇ ಬರೆಯುತ್ತೇವೆ. ‘ಅತ್ಯಂತ ಶ್ರೇಷ್ಠ’ ಮತ್ತು ‘ಮೋರ್ ಬೆಟರ್’ ಒಂದೇ ಮನೋವ್ಯಾಪಾರದ ಎರಡು ಫಲಗಳು. ಒಂದಕ್ಕೆ ಪದವಿ, ಇನ್ನೊಂದಕ್ಕೆ ಕೆಂಪು ಶಾಯಿ!

ವ್ಯತಿರೇಕವನ್ನು ಹೇಳುವ ವಾಕ್ಯಗಳಲ್ಲಿಯೂ ಇದೇ ಕಥೆ. ‘ನೀರು ಇಳಿದರೂ ಲಾಂಚು ಬಂತು’ ಎಂಬಲ್ಲಿ ವಿರೋಧದ ಗುರುತು ಕ್ರಿಯಾಪದದ ಕೊನೆಯಲ್ಲಿದೆ, ಅಂದರೆ ವಾಕ್ಯದ ನಡುವಿನಲ್ಲಿದೆ. ಇಂಗ್ಲಿಷಿನ ‘ಆಲ್ದೋ’ ವಾಕ್ಯದ ಮೊದಲಿಗೇ ಬಂದು ಕೂರಬಲ್ಲದು. ಪಾಠದಲ್ಲಿ ಕಲಿತಂತೆ ಅದನ್ನು ಮೊದಲು ಬರೆದ ವಿದ್ಯಾರ್ಥಿಗೆ ನಡುವೆ ‘ರೂ’ ಇರಬೇಕಾದ ಜಾಗ ಬರಿದಾಗಿ ಕಾಣುತ್ತದೆ. ಅಲ್ಲಿಗೆ ‘ಬಟ್’ ತಂದು ತುಂಬುತ್ತಾನೆ. ಇದನ್ನು ಅಜ್ಞಾನವೆನ್ನುವುದಕ್ಕಿಂತ ಮಾತೃಭಾಷೆಯ ವಾಕ್ಯಕ್ಕೆ ತೋರಿದ ನಿಷ್ಠೆ ಎನ್ನುವುದು ಮೇಲು.

ಇಲ್ಲೊಂದು ಆಕ್ಷೇಪಕ್ಕೆ ಅವಕಾಶವುಂಟು. ರಾಬರ್ಟ್ ಲ್ಯಾಡೋ 1957ರಲ್ಲಿ ಪ್ರತಿಪಾದಿಸಿದ ವ್ಯತಿರೇಕಿ ವಿಶ್ಲೇಷಣೆಯ ಮಿತಿಗಳನ್ನು ಹತ್ತು ವರ್ಷಗಳೊಳಗೇ ಇತರರು ತೋರಿಸತೊಡಗಿದರು. ಕಲಿಯುವವರ ತಪ್ಪುಗಳೆಲ್ಲ ಮಾತೃಭಾಷೆಯಿಂದ ಬಂದವಲ್ಲ. ಇಂಗ್ಲಿಷೇ ಮನೆಮಾತಾದ ಎಳೆಯ ಮಕ್ಕಳೂ ‘ಮೋರ್ ಬೆಟರ್’ ಎನ್ನುವುದುಂಟು. ಶೇಕ್ಸ್‌ಪಿಯರನ ಕಾಲದ ಇಂಗ್ಲಿಷಿನಲ್ಲಿ ಇಂತಹ ಇಮ್ಮಡಿ ತುಲನೆ ದೋಷವೆನಿಸಿರಲಿಲ್ಲ. ಈ ಮಾತನ್ನು ಒಪ್ಪಲೇಬೇಕು. ಆದರೆ ಆ ಮಕ್ಕಳ ತಪ್ಪು ಬಳಕೆಯಲ್ಲಿ ತಾನಾಗಿ ಸವೆದುಹೋಗುತ್ತದೆ. ಶಾಲೆಯ ಹೊರಗೆ ಇಂಗ್ಲಿಷ್ ಕಿವಿಗೆ ಬೀಳದ ಊರಿನಲ್ಲಿ ಅದು ಸವೆಯುವುದು ಹೇಗೆ? ಅಲ್ಲಿ ವಿವರಣೆಯೇ ಬೇಕು, ಆ ವಿವರಣೆ ಕನ್ನಡದಿಂದಲೇ ಹೊರಡಬೇಕು. ಈಗ ನಡೆಯುತ್ತಿರುವುದಾದರೋ ಒಂದೇ ವಾಕ್ಯವನ್ನು ಮೂರು ‘ಡಿಗ್ರಿ’ಗಳಿಗೆ ತಿರುಗಿಸುವ ಯಾಂತ್ರಿಕ ಅಭ್ಯಾಸ. ಸೂತ್ರ ಬಾಯಿಗೆ ಬರುತ್ತದೆ, ಮಾತು ಬರುವುದಿಲ್ಲ.

ನಮ್ಮ ವಿಭಾಗಗಳು ಈ ಕೆಲಸವನ್ನು ತಮ್ಮದೆಂದು ಭಾವಿಸಲಿಲ್ಲ. ಸಾಗರ ತಾಲ್ಲೂಕಿನಲ್ಲಿಯೇ ನೆಲೆಸಿ ಬರೆದ ಡಿ.ಎನ್. ಶಂಕರ ಭಟ್ಟರು ಗುಣವಾಚಕ ಎಂಬ ವರ್ಗ ಎಲ್ಲ ಭಾಷೆಗಳಲ್ಲಿಯೂ ಒಂದೇ ಬಗೆಯದಲ್ಲವೆಂಬ ವಿಚಾರವನ್ನು 1994ರ ತಮ್ಮ ‘ದಿ ಅಡ್ಜೆಕ್ಟಿವಲ್ ಕೆಟಗರಿ’ಯಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಅವರ ಪುಸ್ತಕದ ಬಗ್ಗೆ ನಾವು ಮಾಡಿದ ವಾದವೆಲ್ಲ ಬಹುಮಟ್ಟಿಗೆ ಮಹಾಪ್ರಾಣ ಬೇಕೋ ಬೇಡವೋ ಎಂಬ ಕಡೆಗೇ ಹರಿಯಿತು. ಅವರ ವಿಶ್ಲೇಷಣೆಯಿಂದ ತರಗತಿಗೆ ಏನನ್ನು ಒಯ್ಯಬಹುದೆಂದು ಕೇಳಿದವರು ವಿರಳ. ಮೈಸೂರಿನಲ್ಲಿ 1969ರಿಂದ ಭಾರತೀಯ ಭಾಷಾ ಸಂಸ್ಥಾನವಿದೆ. ಭಾಷಾಬೋಧನೆಯ ಅನುಭವ ಅಲ್ಲಿ ಬೇಕಾದಷ್ಟಿದೆ.

ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕನ್ನಡವನ್ನೂ ಇಂಗ್ಲಿಷನ್ನೂ ಒಬ್ಬರೇ ಶಿಕ್ಷಕರು ಕಲಿಸುವುದು ಅಪರೂಪವಲ್ಲ. ಅವರ ಕೈಗೆ ‘ಗಿಂತ’, ‘ಅಷ್ಟು’, ‘ಆದರೂ’, ‘ಬದಲು’, ‘ಮಾತ್ರ’ ಇವುಗಳಿಂದ ಆರಂಭವಾಗಿ ಇಂಗ್ಲಿಷಿನ ರೂಪಗಳಿಗೆ ದಾಟಿಸುವ ಐವತ್ತು ಪುಟದ ಕೈಪಿಡಿಯೊಂದು ಬೇಕು. ಪ್ರತಿವರ್ಷ ಸಿದ್ಧವಾಗುವ ಪಿಎಚ್.ಡಿ. ವಿಷಯಗಳ ಪಟ್ಟಿಯಲ್ಲಿ ಇದಕ್ಕೊಂದು ಸಾಲು ಸಿಕ್ಕೀತೆ ಎಂದು ಸಹೋದ್ಯೋಗಿಗಳನ್ನು ಕೇಳುತ್ತಿದ್ದೇನೆ.