ಆಫೀಸು ಹತ್ತಿರವೋ, ಊರು ಹತ್ತಿರವೋ

ಹಾಸನ, ಕಲಬುರಗಿ, ಶಿರಸಿಗಳಿಂದ ಮೊದಲ ಕೆಲಸ ಹಿಡಿದು ಬೆಂಗಳೂರಿಗೆ ಬರುವ ಹುಡುಗ ಹುಡುಗಿಯರು ಮನೆ ಹುಡುಕುವ ಕ್ರಮ ಬಹುಮಟ್ಟಿಗೆ ಒಂದೇ. ಆಫೀಸು ಎಲ್ಲಿದೆ ನೋಡುವುದು, ಅದರ ಆಸುಪಾಸಿನಲ್ಲಿ ಸಿಕ್ಕ ಪಿಜಿಗೋ ಒಂದು ಕೋಣೆಯ ಮನೆಗೋ ಅಡ್ವಾನ್ಸ್ ಕೊಟ್ಟುಬಿಡುವುದು. ಈ ನಗರದ ಟ್ರಾಫಿಕ್ ಬಲ್ಲವರು ಅದನ್ನು ತಪ್ಪೆನ್ನುವುದು ಕಷ್ಟ. ಆದರೂ ಆ ಲೆಕ್ಕದಲ್ಲಿ ದೊಡ್ಡ ಲೋಪವೊಂದಿದೆ. ಇಪ್ಪತ್ತೆರಡು, ಇಪ್ಪತ್ನಾಲ್ಕರ ವಯಸ್ಸಿನಲ್ಲಿ ಎಲ್ಲಕ್ಕಿಂತ ಬೇಗ ಬದಲಾಗುವುದು ಕೆಲಸವೇ. ಕಂಪನಿ ಬಿಡುತ್ತೇವೆ, ಬಿಡದಿದ್ದರೂ ಕಂಪನಿಯೇ ಬೇರೆ ಕಟ್ಟಡಕ್ಕೆ ಹೋಗುತ್ತದೆ, ಅಥವಾ ವಾರದಲ್ಲಿ ಮೂರು ದಿನ ಬಂದರೆ ಸಾಕು ಎನ್ನುತ್ತದೆ. ಆಫೀಸನ್ನೇ ನೆಚ್ಚಿ ಆರಿಸಿದ ಬಡಾವಣೆಯಲ್ಲಿ ಆಫೀಸು ಹೋದ ಮೇಲೆ ಉಳಿಯುವುದೇನು ಎಂದು ಮೊದಲೇ ಕೇಳಿಕೊಳ್ಳಬೇಕು.

ಈ ಪ್ರಶ್ನೆಗೆ ಉತ್ತರ ನಗರ ಬೆಳೆದ ಬಗೆಯಲ್ಲಿದೆ. 1898ರ ಪ್ಲೇಗಿನ ನಂತರ ಪೇಟೆಯ ಇಕ್ಕಟ್ಟಿನಿಂದ ಜನ ಹೊರಟು ನೆಲೆಸಿದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ರಸ್ತೆ, ಮಾರುಕಟ್ಟೆ, ಉದ್ಯಾನಗಳಿಗೆ ಜಾಗ ಬಿಟ್ಟೇ ನಿವೇಶನ ಹಂಚಲಾಯಿತು. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರವೂ ಅದೇ ದಾರಿ ಹಿಡಿಯಿತು. ಹೊರವಲಯದ ಕಥೆ ಬೇರೆ. 2007ರಲ್ಲಿ 7 ನಗರಸಭೆ, 1 ಪುರಸಭೆ ಹಾಗೂ 110 ಹಳ್ಳಿಗಳು ಮಹಾನಗರ ಪಾಲಿಕೆಯೊಳಗೆ ಬಂದವು. ಪೂರ್ವದ ಐಟಿ ಪಟ್ಟಿಯ ಬಹುಭಾಗ ಇಂಥ ಊರುಗಳ ಹೊಲ, ಕೆರೆಯಂಗಳಗಳ ಪಕ್ಕದಲ್ಲೇ ಎದ್ದದ್ದು. ಅಲ್ಲಿಗೆ ಉದ್ಯೋಗ ಮೊದಲು ಬಂತು, ನೀರು ಆಮೇಲೆ. ಆ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ 5ನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷದ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ, ಟ್ಯಾಂಕರ್ ನೀರಿನ ದರವನ್ನು ಜಿಲ್ಲಾಡಳಿತವೇ ನಿಗದಿ ಮಾಡಬೇಕಾಯಿತು. ಅದಕ್ಕೂ ಮೊದಲು, 2022ರ ಸೆಪ್ಟೆಂಬರಿನಲ್ಲಿ, ರಾಜಕಾಲುವೆಯ ದಾರಿ ಮುಚ್ಚಿಹೋಗಿದ್ದ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲೂ ದೋಣಿಯಲ್ಲೂ ಹೊರತಂದರು. ಕೋಟಿಗಟ್ಟಲೆ ಬೆಲೆಯ ಮನೆಗಳೂ ಅವುಗಳಲ್ಲಿದ್ದವು.

ನೀರಿನಷ್ಟೇ ಮುಖ್ಯವಾದದ್ದು ಬೀದಿ. ಜೇನ್ ಜೇಕಬ್ಸ್ 1961ರಲ್ಲಿ ಅಮೆರಿಕದ ನಗರಗಳ ಕುರಿತು ಬರೆದ ಪುಸ್ತಕದಲ್ಲಿ ಮಂಡಿಸಿದ ಒಂದು ವಿಚಾರ ನಮ್ಮ ಊರಿಗೂ ಸಲ್ಲುತ್ತದೆ: ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಕೆಲಸಕ್ಕೆ ಜನ ಓಡಾಡುವ ಬೀದಿಯೇ ಸುರಕ್ಷಿತ ಬೀದಿ. ವಿಜಯನಗರದ ಕಡೆ ನೋಡಿ. ಬೆಳಿಗ್ಗೆ ಆರಕ್ಕೆ ಹಾಲಿನ ಬೂತು ತೆರೆದಿರುತ್ತದೆ, ಏಳಕ್ಕೆ ದರ್ಶಿನಿಯಲ್ಲಿ ನಿಂತು ಇಡ್ಲಿ ತಿನ್ನುವವರಿರುತ್ತಾರೆ, ಹಗಲೆಲ್ಲ ಇಸ್ತ್ರಿ ಗಾಡಿ, ಜೆರಾಕ್ಸ್ ಅಂಗಡಿ, ಸಂಜೆ ತರಕಾರಿ ಗಾಡಿಗಳು. ಹಂಪಿನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ, ಉತ್ತರ ಕರ್ನಾಟಕದಿಂದಲೂ ಬಂದ ಯುವಜನ ತುಂಬಿರುತ್ತಾರೆ. ಹೊಸದಾಗಿ ಬಂದವರಿಗೆ ಗೆಳೆತನ ಬೆಳೆಯುವುದು ಇಂಥ ಕಡೆ. ಎತ್ತರದ ಕಾಂಪೌಂಡುಗಳ ನಡುವೆ ಒಂದು ಕಿಲೋಮೀಟರ್ ನಡೆದರೂ ಒಂದು ಮೆಡಿಕಲ್ ಸ್ಟೋರ್ ಸಿಗದ ರಸ್ತೆಯಲ್ಲಿ ಜ್ವರ ಬಂದ ರಾತ್ರಿ ಒಬ್ಬಂಟಿಗರಿಗೆ ಮೊಬೈಲ್ ಆ್ಯಪ್ ಒಂದೇ ಆಸರೆ.

ದಿನಾ ಓಡಾಡುವವರು ಯಾರು ಎಂಬ ಆಕ್ಷೇಪ ಬಂದೇ ಬರುತ್ತದೆ, ಅದು ನ್ಯಾಯವಾದದ್ದೇ. ಯಾವ ಕಾಲದ ಯಾವ ನಗರದಲ್ಲೂ ಮನುಷ್ಯರು ದಿನಕ್ಕೆ ಒಟ್ಟು ಸುಮಾರು ಒಂದು ಗಂಟೆಯ ಪ್ರಯಾಣಕ್ಕೆ ಒಗ್ಗಿಕೊಂಡಿರುತ್ತಾರೆ ಎಂದು ಇಟಲಿಯ ವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ವಾದಿಸಿದರು. ವಿಜಯನಗರದಿಂದ ವೈಟ್‌ಫೀಲ್ಡಿಗೆ ರೈಲು ಬದಲಿಸದೆ ಹೋಗಬಹುದಾದರೂ ಒಂದು ಕಡೆಗೇ ಅಷ್ಟು ಹೊತ್ತು ಬೇಕು. ಹಾಗಾಗಿ ಎಲ್ಲರೂ ಹಳೆಯ ಬಡಾವಣೆಗೇ ಹೋಗಿ ಎನ್ನುತ್ತಿಲ್ಲ. ಆಫೀಸಿನ ಸುತ್ತ ವೃತ್ತ ಎಳೆಯುವ ಬದಲು ಮೆಟ್ರೊ ಮಾರ್ಗದ ಮೇಲೆ ಬೆರಳಾಡಿಸಿ ಎನ್ನುತ್ತಿದ್ದೇನೆ. ವೈಟ್‌ಫೀಲ್ಡ್ ಕಡೆ ಕೆಲಸವಿದ್ದರೆ, ತನ್ನದೇ ಸಂತೆ, ರೈಲು ನಿಲ್ದಾಣ ಇರುವ ಹಳೆಯ ಊರು ಕೃಷ್ಣರಾಜಪುರ ನಡುದಾರಿಯಲ್ಲೇ ಇದೆ. ಎಲೆಕ್ಟ್ರಾನಿಕ್ ಸಿಟಿಯವರಿಗೆ 2025ರ ಆಗಸ್ಟಿನಿಂದ ಆರ್.ವಿ. ರಸ್ತೆಯಿಂದ ಹಳದಿ ಮಾರ್ಗ ಓಡುತ್ತಿದೆ, ಅಂದರೆ ಜಯನಗರದ ಮಗ್ಗುಲಲ್ಲಿ ಮನೆ ಮಾಡಬಹುದು. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದ್ದು ಆರಂಭದ ಸಂಬಳಕ್ಕೆ ನಿಜಕ್ಕೂ ಹೊರೆ. ಆದರೆ ಆಟೊ, ಟ್ಯಾಂಕರ್, ಹೊರಗಿನ ಊಟವನ್ನೂ ಬಾಡಿಗೆಯ ಜೊತೆ ಕೂಡಿಸಿ ನೋಡಿದರೆ ಆಫೀಸಿನ ಪಕ್ಕದ ಮನೆ ಅಗ್ಗವೆಂಬುದು ಹಲವು ಸಲ ನಿಲ್ಲುವುದಿಲ್ಲ. ಹೆಣ್ಣುಮಕ್ಕಳಿಗಂತೂ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳು ಉಚಿತ.

ನನ್ನ ವಾದಕ್ಕೆ ನಿಜವಾದ ಅಡ್ಡಿ ದೂರವೂ ಅಲ್ಲ, ದರವೂ ಅಲ್ಲ. ಹಳೆಯ ಬಡಾವಣೆಗಳ ಗೇಟಿನಲ್ಲಿ ತೂಗುವ ‘ಫ್ಯಾಮಿಲಿಗೆ ಮಾತ್ರ’ ಎಂಬ ಬೋರ್ಡು. ಜಾತಿ, ಧರ್ಮ, ಅಡುಗೆಮನೆಯಲ್ಲಿ ಬೇಯುವುದೇನು ಎಂಬುದನ್ನೆಲ್ಲ ವಿಚಾರಿಸಿ ಬಾಗಿಲು ಹಾಕುವವರಿಂದಾಗಿ ಎಷ್ಟೋ ಯುವಜನರಿಗೆ ಆಯ್ಕೆ ಎಂಬುದೇ ಇಲ್ಲ. ಪಿಜಿ ಅವರಿಗೆ ಅನಿವಾರ್ಯ. ಇದು ಆ ಬಡಾವಣೆಗಳಿಗೂ ನಷ್ಟ. ಮಕ್ಕಳು ಅಮೆರಿಕದಲ್ಲಿದ್ದು ವೃದ್ಧರಷ್ಟೇ ಉಳಿದ ಮನೆಗಳು ಬಸವನಗುಡಿ, ಮಲ್ಲೇಶ್ವರಗಳಲ್ಲಿ ಸಾಕಷ್ಟಿವೆ. ಮಹಡಿಯ ಮೇಲೆ ಒಬ್ಬ ದುಡಿಯುವ ಹುಡುಗಿಯೋ ಹುಡುಗನೋ ಇದ್ದರೆ ಅವರಿಗೇ ಧೈರ್ಯ. ಮಾಲೀಕರು ಬಾಡಿಗೆ ಕಟ್ಟುವ ಶಕ್ತಿಯನ್ನೂ ನಡತೆಯನ್ನೂ ವಿಚಾರಿಸಲಿ, ಅದು ಅವರ ಹಕ್ಕು. ಆ ಬೋರ್ಡನ್ನು ಮಾತ್ರ ದಯವಿಟ್ಟು ಇಳಿಸಲಿ. ಮನೆ ಹುಡುಕುತ್ತಿರುವವರು ಅಡ್ವಾನ್ಸ್ ಕೊಡುವ ಮೊದಲು ಒಮ್ಮೆ ರಾತ್ರಿ ಒಂಬತ್ತಕ್ಕೆ ಬಸ್ ಸ್ಟಾಪಿನಿಂದ ಆ ಮನೆಗೆ ನಡೆದು ನೋಡಿ. ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ ಎಂದು ಬ್ರೋಕರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ.