ಬಚ್ಚಲುಮನೆಯ ಹಿಡಿಕೆಯೂ ನಮ್ಮ ಮರ್ಯಾದೆಯೂ

ಇಳಿವಯಸ್ಸಿನವರು ನಾಲ್ವರು ಸೇರಿದ ಕಡೆ ಮಾತು ಆರೋಗ್ಯದತ್ತ ಹೊರಳುವುದು ಸಹಜ. ನಮ್ಮ ದಟ್ಟಗಳ್ಳಿಯ ಉದ್ಯಾನದ ಬೆಂಚಿನ ಮೇಲೂ ಅದೇ ಮಾತು. ಸಕ್ಕರೆಯ ಪ್ರಮಾಣ ಎಷ್ಟಿದೆ, ರಕ್ತದೊತ್ತಡಕ್ಕೆ ಯಾವ ಮಾತ್ರೆ, ಮೊಣಕಾಲಿಗೆ ಯಾವ ತೈಲ, ವಿಮೆಯ ಕಂತು ಈ ವರ್ಷ ಎಷ್ಟು ಏರಿತು. ಇವೆಲ್ಲ ಬೇಕಾದ ಮಾತುಗಳೇ. ಆದರೆ ನಮ್ಮನ್ನು ಒಂದೇ ಕ್ಷಣದಲ್ಲಿ ಹಾಸಿಗೆ ಹಿಡಿಸಬಲ್ಲ ಸ್ಥಳವೊಂದು ನಮ್ಮ ಮನೆಯೊಳಗೇ ಇದೆ. ಅದರ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅದು ಬಚ್ಚಲುಮನೆ. ವಯಸ್ಸಾದವರಿರುವ ಪ್ರತಿಯೊಂದು ಮನೆಯಲ್ಲೂ ಬಚ್ಚಲಿನ ಗೋಡೆಗೆ ಒಂದು ಭದ್ರವಾದ ಹಿಡಿಕೆ ಇರಲೇಬೇಕು, ಅದು ಔಷಧದ ಪೆಟ್ಟಿಗೆಯಷ್ಟೇ ಅಗತ್ಯ ಎಂಬುದು ನನ್ನ ಅಭಿಪ್ರಾಯ. ಇಷ್ಟು ಸಣ್ಣ ವಿಷಯಕ್ಕೆ ಒಂದು ಲೇಖನವೇ ಎಂದು ನೀವು ನಗಬಹುದು. ದಯವಿಟ್ಟು ಪೂರ್ತಿ ಓದಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದ ಉಂಟಾಗುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದಕ್ಕೇ. ಹೀಗೆ ಬಿದ್ದು ಪ್ರಾಣ ಕಳೆದುಕೊಳ್ಳುವವರಲ್ಲಿ 60 ವರ್ಷ ದಾಟಿದವರೇ ಹೆಚ್ಚು. ಸಾವು ಬಾರದಿದ್ದರೂ ಕಷ್ಟ ಕಡಿಮೆಯಲ್ಲ. ವಯಸ್ಸಾದಂತೆ ಮೂಳೆ ಟೊಳ್ಳಾಗುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇದು ಇನ್ನೂ ಬೇಗ. ಸೊಂಟದ ಮೂಳೆ ಮುರಿದು ಮಲಗಿದರೆ ಸ್ನಾಯುಗಳು ಕರಗುತ್ತವೆ, ಬೆನ್ನಿನಲ್ಲಿ ಹುಣ್ಣಾಗುತ್ತದೆ, ಶ್ವಾಸಕೋಶದಲ್ಲಿ ಕಫ ಕಟ್ಟಿ ಸೋಂಕು ತಗಲುತ್ತದೆ. ಎಲ್ಲವೂ ವಾಸಿಯಾದ ಮೇಲೂ ಮತ್ತೆ ಬೀಳುವೆನೆಂಬ ಭಯ ಉಳಿಯುತ್ತದೆ. ಆ ಭಯದಿಂದ ನಡಿಗೆ ಕಡಿಮೆಯಾಗುತ್ತದೆ, ನಡಿಗೆ ಕಡಿಮೆಯಾದಷ್ಟೂ ಕಾಲಿನ ಬಲ ಕುಗ್ಗುತ್ತದೆ.

ನಮ್ಮ ಬಡಾವಣೆಯ ಮನೆಗಳನ್ನೇ ನೋಡಿ. ನಮ್ಮಲ್ಲಿ ಅನೇಕರು ಶಿಕ್ಷಕರು, ಬ್ಯಾಂಕ್ ನೌಕರರು, ಸರ್ಕಾರಿ ನೌಕರರು. ನಿವೇಶನ ಪಡೆದು, ಸಾಲ ಮಾಡಿ, ನಿವೃತ್ತಿಯ ಹಣವನ್ನೂ ಸುರಿದು ಮನೆ ಕಟ್ಟಿದೆವು. ಆಗ ನಮಗೆ ಮೊಣಕಾಲಿತ್ತು, ಮಕ್ಕಳು ಮನೆಯಲ್ಲಿದ್ದರು. ಹಾಗಾಗಿ ಮಲಗುವ ಕೋಣೆ ಮಹಡಿಗೆ ಹೋಯಿತು. ಹೊರಬಾಗಿಲ ಮೆಟ್ಟಿಲಿಗೆ ಮುಖ ಕಾಣುವಂತಹ ಗ್ರಾನೈಟ್ ಬಂತು. ಬೆಳಿಗ್ಗೆ ನೀರು ಹಾಕಿ ತೊಳೆದಾಗ ಅದರ ಮೇಲೆ ಬೆಕ್ಕೂ ಎಚ್ಚರಿಕೆಯಿಂದ ನಡೆಯುತ್ತದೆ. ಬಚ್ಚಲುಮನೆಗೂ ನುಣುಪಾದ ಟೈಲ್ಸೇ ಬಂತು. ಇಂದು ಮಕ್ಕಳು ಬೆಂಗಳೂರಿನಲ್ಲೋ ಬರ್ಮಿಂಗ್‌ಹ್ಯಾಮಿನಲ್ಲೋ ಇದ್ದಾರೆ. ಮನೆ ಮಾತ್ರ ಅಂದಿನ ನಲವತ್ತೈದು ವರ್ಷದ ಯಜಮಾನನಿಗೆ ತಕ್ಕಂತೆಯೇ ಉಳಿದಿದೆ.

ಒಂಬತ್ತನೆಯ ತರಗತಿಯಲ್ಲಿ ನನ್ನಿಂದ ಘರ್ಷಣೆಯ ಪಾಠ ಕೇಳಿದವರಿಗೆ ನೆನಪಿರಬಹುದು. ಘರ್ಷಣೆ ಯಂತ್ರಗಳನ್ನು ಸವೆಸುತ್ತದೆ, ಆದರೆ ಅದಿಲ್ಲದೆ ನಾವು ಒಂದು ಹೆಜ್ಜೆಯನ್ನೂ ಇಡಲಾರೆವು. ನುಣುಪಾದ ನೆಲದ ಮೇಲೆ ಸೋಪಿನ ನೀರು ಹರಡಿದರೆ ಪಾದಕ್ಕೂ ನೆಲಕ್ಕೂ ನಡುವೆ ತೆಳುವಾದ ಪೊರೆಯೊಂದು ಸೇರಿಕೊಂಡು ಹಿಡಿತ ತಪ್ಪುತ್ತದೆ. ಹಬ್ಬದ ದಿನದ ಎಣ್ಣೆಸ್ನಾನವಾದರೆ ಕೇಳುವುದೇ ಬೇಡ. ಹಳೆಯ ಮನೆಗಳ ಬಚ್ಚಲಿನಲ್ಲಿ ಹಂಡೆಯ ಪಕ್ಕದಲ್ಲಿ ಹಾಸಿರುತ್ತಿದ್ದುದು ಒರಟು ಕಲ್ಲಿನ ಚಪ್ಪಡಿ. ನೋಡಲು ಅಂದವಿರಲಿಲ್ಲ, ಆದರೆ ಕಾಲು ನಿಲ್ಲುತ್ತಿತ್ತು.

ನಮ್ಮ ಬೀದಿಯ ನಿವೃತ್ತ ಅಧಿಕಾರಿಯೊಬ್ಬರ ವಿಷಯ ಹೇಳುತ್ತೇನೆ. ಶಿಸ್ತಿನ ಮನುಷ್ಯ. ಪ್ರತಿದಿನ ಲಿಂಗಾಂಬುಧಿ ಕೆರೆಯವರೆಗೆ ನಡಿಗೆ, ಮಿತಾಹಾರ, ವೇಳೆಗೆ ಸರಿಯಾಗಿ ಮಾತ್ರೆ. ಒಂದು ಮುಂಜಾನೆ ಸ್ನಾನ ಮುಗಿಸಿ ಏಳುವಾಗ ಕಾಲು ಜಾರಿತು. ಕೈಗೆ ಸಿಕ್ಕಿದ್ದು ಟವೆಲ್ ಹಾಕುವ ಕಂಬಿ. ಅದು ಒಂದು ಪಂಚೆಯ ಭಾರ ಹೊರಲು ಮಾಡಿದ್ದು. ತಿರುಪಿನ ಸಮೇತ ಕಿತ್ತುಕೊಂಡು ಅವರೊಡನೆಯೇ ಬಂತು. ಒಳಗಿನಿಂದ ಚಿಲಕ ಹಾಕಿದ್ದರಿಂದ ಬಾಗಿಲು ಒಡೆಯಬೇಕಾಯಿತು. ಶಸ್ತ್ರಚಿಕಿತ್ಸೆಯಾಯಿತು, ಲಕ್ಷಗಟ್ಟಲೆ ಖರ್ಚಾಯಿತು, ಮಗ ವಿದೇಶದಿಂದ ಮೂರು ವಾರದ ರಜೆಯಲ್ಲಿ ಬಂದು ಹೋದ. ಅವರೀಗ ವಾಕರ್ ಹಿಡಿದು ನಡೆಯುತ್ತಾರೆ. ಅವರ ಪ್ರೀತಿಯ ಪುಸ್ತಕಗಳೆಲ್ಲ ಮಹಡಿಯ ಕೋಣೆಯಲ್ಲಿವೆ. ಅಂದಿನಿಂದ ಅವರು ತಮ್ಮದೇ ಮನೆಯ ಮಹಡಿಯನ್ನು ಹತ್ತಿಲ್ಲ.

ಅಂತಹ ಹಿಡಿಕೆಯ ಬೆಲೆ ಸಾವಿರ ರೂಪಾಯಿಯ ಆಸುಪಾಸು. ಹಾಗಾದರೆ ನಾವೇಕೆ ಹಾಕಿಸುವುದಿಲ್ಲ? ಹಣವಿಲ್ಲವೆಂದಲ್ಲ, ಮರ್ಯಾದೆ ಅಡ್ಡ ಬರುತ್ತದೆ. "ನಾನೇನು ಅಷ್ಟು ಮುದುಕನಾದೆನೇ?" ಎಂಬ ಪ್ರಶ್ನೆ. ಕನ್ನಡಕ ಹಾಕಲು ನಮಗೆ ನಾಚಿಕೆಯಿಲ್ಲ, ಊರುಗೋಲು ಹಿಡಿಯಲು ನಾಚಿಕೆ. ಬಂದವರು ನೋಡಿದರೆ ಏನೆಂದಾರು ಎಂಬ ಸಂಕೋಚ. ನನಗನ್ನಿಸುವುದು ಇಷ್ಟು: ನಾವಾಗಿಯೇ ಸ್ನಾನ ಮಾಡಿ, ನಾವಾಗಿಯೇ ಶೌಚಕ್ಕೆ ಹೋಗಿ ಬರುವುದಕ್ಕಿಂತ ದೊಡ್ಡ ಮರ್ಯಾದೆ ಇಳಿವಯಸ್ಸಿನಲ್ಲಿ ಬೇರೊಂದಿಲ್ಲ. ಅದನ್ನು ಕಾಯುವ ಹಿಡಿಕೆಯನ್ನು ಅವಮಾನವೆಂದು ಭಾವಿಸುವುದು ವಿಚಿತ್ರ.

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ವಿದ್ಯಾರ್ಥಿಗಳಿಗೆ ಅಲ್ಲಿಯ ಪದ್ಧತಿ ತಿಳಿದೇ ಇದೆ. ವಯಸ್ಸಾದವರು ಕೇಳಿಕೊಂಡರೆ ಸ್ಥಳೀಯ ಆಡಳಿತದವರು ಅವರ ದಿನನಿತ್ಯದ ತೊಂದರೆಗಳನ್ನು ಪರಿಶೀಲಿಸುತ್ತಾರೆ. ಅಗತ್ಯ ಕಂಡುಬಂದರೆ ಹಿಡಿಕೆಯಂತಹ 1,000 ಪೌಂಡಿನೊಳಗಿನ ಸಣ್ಣ ಮಾರ್ಪಾಡುಗಳನ್ನು ಉಚಿತವಾಗಿ ಮಾಡಿಸಿಕೊಡುತ್ತಾರೆ. ಅಲ್ಲಿ ಎಲ್ಲವೂ ಸುಗಮವೆಂದು ನಾನು ಹೇಳುತ್ತಿಲ್ಲ. ಆದರೆ ಬೀಳುವ ಮುನ್ನವೇ ಮನೆಯನ್ನು ನೋಡಬೇಕೆಂಬ ತಿಳಿವಳಿಕೆ ಆ ವ್ಯವಸ್ಥೆಯಲ್ಲಿದೆ. ನಮ್ಮಲ್ಲಿ ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಭಾರತ್ ಯೋಜನೆಯನ್ನು 70 ತುಂಬಿದ ಎಲ್ಲರಿಗೂ ವಿಸ್ತರಿಸಿ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಯ ಭರವಸೆ ನೀಡಿತು. ಸ್ವಾಗತಾರ್ಹವೇ. ಆದರೆ ಅದು ಮೂಳೆ ಮುರಿದ ಮೇಲಿನ ಮಾತು. ಮುರಿಯದಂತೆ ನೋಡಿಕೊಳ್ಳುವ ಕೆಲಸ ನಮ್ಮದಾಗಿಯೇ ಉಳಿದಿದೆ.

ಮಾಡಬೇಕಾದ್ದು ಬಹಳವೇನಿಲ್ಲ. ಸ್ನಾನದ ಜಾಗದಲ್ಲೂ ಕಮೋಡಿನ ಪಕ್ಕದಲ್ಲೂ ಹಿಡಿಕೆ ಹಾಕಿಸಿ. ಟೈಲ್ಸಿಗಷ್ಟೇ ಅಲ್ಲ, ಗೋಡೆಯೊಳಕ್ಕೆ ಇಳಿಯುವಂತೆ ಬೋಲ್ಟ್ ಬಿಗಿಸಬೇಕು. ಸ್ನಾನಕ್ಕೆ ಜಾರದ ಕುರ್ಚಿ, ನೆಲಕ್ಕೆ ರಬ್ಬರಿನ ಹಾಸು, ಬಾಗಿಲಿಗೆ ಹೊರಗಿನಿಂದಲೂ ತೆರೆಯಬಹುದಾದ ಚಿಲಕ. ಹಾಸಿಗೆಯ ಪಕ್ಕದಲ್ಲೇ ದೀಪದ ಸ್ವಿಚ್ಚು. ರಾತ್ರಿ ಎಚ್ಚರವಾದಾಗ ದಿಢೀರನೆ ಎದ್ದರೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ. ಒತ್ತಡದ ಮಾತ್ರೆ, ನಿದ್ರೆಯ ಮಾತ್ರೆ ನುಂಗುವವರಿಗೆ ಇದು ಹೆಚ್ಚು. ಒಂದು ನಿಮಿಷ ಹಾಸಿಗೆಯ ಅಂಚಿನಲ್ಲಿ ಕುಳಿತು ಅನಂತರ ಏಳಿ. ತಲೆ ಸುತ್ತುವುದನ್ನು ವೈದ್ಯರಿಗೆ ತಿಳಿಸಿ, ಮಾತ್ರೆಗಳನ್ನು ಅವರೇ ಪರಿಶೀಲಿಸಲಿ. ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆಯಾಗಲಿ. ಸವೆದ ಹವಾಯಿ ಚಪ್ಪಲಿ ಎಸೆಯಿರಿ. ದಸರೆಗೆ ಬೊಂಬೆಗಳ ಪೆಟ್ಟಿಗೆ ಇಳಿಸಲು ಅಜ್ಜಿಯಂದಿರು ಸ್ಟೂಲು ಹತ್ತುವುದು ಬೇಡ. ಪಕ್ಕದ ಮನೆಯ ಹುಡುಗರನ್ನು ಕರೆಯಿರಿ, ಚರ್ಪಿನ ಆಸೆಗಾದರೂ ಬರುತ್ತಾರೆ. ಅಡುಗೆಮನೆಯ ಕಟ್ಟೆ ಹಿಡಿದು ಸ್ವಲ್ಪ ಹೊತ್ತು ಒಂಟಿ ಕಾಲಿನಲ್ಲಿ ನಿಲ್ಲುವ ಅಭ್ಯಾಸ, ಕೈಯೂರದೆ ಕುರ್ಚಿಯಿಂದ ಹತ್ತು ಬಾರಿ ಏಳುವ ಅಭ್ಯಾಸ, ಸಾಧ್ಯವಿರುವವರು ಮಾಡಿದರೆ ಒಳ್ಳೆಯದು.

ಹಿಂದೆ ತುಂಬಿದ ಮನೆಗಳಲ್ಲಿ ತಾತ ಎದ್ದರೆ ಯಾರದೋ ತೋಳು ಸಿದ್ಧವಿರುತ್ತಿತ್ತು. ಇಂದು ಆ ತೋಳು ದೂರದಲ್ಲಿದೆ, ಅದಕ್ಕಾಗಿ ನಾನು ಮಕ್ಕಳನ್ನು ದೂರುವುದಿಲ್ಲ. ದೂರ ಹೋಗಿ ಬೆಳೆಯಿರೆಂದು ತರಗತಿಯಲ್ಲಿ ಹೇಳಿಕೊಟ್ಟವರು ನಾವೇ. ನಿಮ್ಮಲ್ಲಿ ಒಂದೇ ಕೋರಿಕೆ. ಮುಂದಿನ ರಜೆಯಲ್ಲಿ ಊರಿಗೆ ಬಂದಾಗ ಅಪ್ಪ ಅಮ್ಮನ ಬಚ್ಚಲುಮನೆಗೆ ಹೋಗಿ, ಒದ್ದೆ ನೆಲದ ಮೇಲೆ ಒಂದು ನಿಮಿಷ ಕಣ್ಣು ಮುಚ್ಚಿ ನಿಂತು, ಕೈ ಎಲ್ಲಿಗೆ ಹೋಗುತ್ತದೆಂದು ನೋಡಿ. ಅಲ್ಲಿಗೊಂದು ಹಿಡಿಕೆ ಹಾಕಿಸಿ. ಅವರು ಬೇಡವೆನ್ನುತ್ತಾರೆ. ಆ ಒಂದು ಮಾತನ್ನು ಮಾತ್ರ ಕೇಳಬೇಡಿ.