ಗೆಳೆಯ ಮುಂದೆ, ಹೀರೋ ಹಿಂದೆ!

ನಮ್ಮ ಹೀರೋ ಕಾಡಿಗೆ ಕಾಲಿಟ್ಟನೆಂದರೆ ಗಾಂಧಿಕ್ಲಾಸಿನಲ್ಲಿ ಸಿಳ್ಳೆ ತಯಾರು! ಮರಗಳ್ಳರು ಬರಬೇಕು, ಢಿಶುಂ ಢಿಶುಂ ಆಗಬೇಕು. 1973ರ ‘ಗಂಧದ ಗುಡಿ’ಯಲ್ಲಿ ಅರಣ್ಯಾಧಿಕಾರಿಯಾಗಿ ಅಣ್ಣಾವ್ರು ಕಾಡು ಕಾದದ್ದು ಹಾಗೇ ಅಲ್ಲವೆ? ಆದರೆ 2022ರ ಅಕ್ಟೋಬರ್ 28ಕ್ಕೆ ಅದೇ ಹೆಸರಿನಲ್ಲಿ ತೆರೆಕಂಡ ಚಿತ್ರದಲ್ಲಿ ಮಗ ಪುನೀತ್ ಮಾಡಿದ್ದೇನು? ಫೈಟಿಲ್ಲ, ಮೇಕಪ್ಪಿಲ್ಲ, ಹೀರೋಯಿನ್ ಅಂತೂ ಇಲ್ಲವೇ ಇಲ್ಲ. ಗೆಳೆಯ ಅಮೋಘವರ್ಷ (ಚಿತ್ರದ ನಿರ್ದೇಶಕರೂ ಅವರೇ) ಮುಂದೆ, ಅಪ್ಪು ಹಿಂದೆ! ಆಗುಂಬೆಯ ಮಳೆಕಾಡು, ನೇತ್ರಾಣಿಯ ಕಡಲು... ಕೇಳುವವರು ಸ್ಟಾರು, ಹೇಳುವವರು ಗೆಳೆಯ. ಹಾವೆಂದರೆ ಭಯ ಎಂಬುದನ್ನೂ ಮುಚ್ಚಿಡಲಿಲ್ಲ ಪುಣ್ಯಾತ್ಮರು. ಪ್ಲಾಸ್ಟಿಕ್ ಬಿಡಿ ಎಂಬ ಮಾತೂ ಚಿತ್ರದಲ್ಲಿದೆ. ಅದು ಬಿಡುಗಡೆಯಾದಾಗ ಅವರು ನಮ್ಮನ್ನಗಲಿ ವರ್ಷ ತುಂಬಲು ಒಂದೇ ದಿನ ಬಾಕಿ.

ಚಿತ್ರರಸಿಕರೇ, ಇಂಥದೇ ಇನ್ನೊಂದು ಜೋಡಿ ಇದೆ. ಜಪಾನಿನ ಅಕಿರಾ ಕುರೊಸಾವಾ 1975ರಲ್ಲಿ ರಷ್ಯನ್ ಭಾಷೆಯಲ್ಲಿ ತೆಗೆದ ‘ದೆರ್ಸು ಉಜಾಲಾ’, ಆಸ್ಕರ್ ಗೆದ್ದ ಚಿತ್ರ. ರಷ್ಯಾದ ಪೂರ್ವ ತುದಿಯ ಕಾಡಿಗೆ ನಕ್ಷೆ ಬರೆಯಲು ಹೊರಟವನು ಕ್ಯಾಪ್ಟನ್ ಅರ್ಸೆನ್ಯೆವ್. ದಾರಿಯಲ್ಲಿ ಸಿಕ್ಕವನು ಕಾಡಿನ ಬೇಟೆಗಾರ ದೆರ್ಸು. ಬೆಂಕಿ, ನೀರು, ಹುಲಿ ಎಲ್ಲವೂ ಅವನಿಗೆ ‘ಜನ’ವೇ! ಹೆಪ್ಪುಗಟ್ಟಿದ ಸರೋವರದ ಮೇಲೆ ಇಬ್ಬರೂ ದಾರಿ ತಪ್ಪುತ್ತಾರೆ. ಗಾಳಿ ಹೆಜ್ಜೆಗುರುತು ಅಳಿಸಿದೆ, ಹೊತ್ತು ಮುಳುಗುತ್ತಿದೆ. ಕ್ಯಾಪ್ಟನ್ ಕುಸಿದು ಬೀಳುವತನಕ ದೆರ್ಸು ಹುಲ್ಲು ಕೊಯ್ಯಿಸುತ್ತಾನೆ. ಆ ಹುಲ್ಲಿನ ಗೂಡಿನೊಳಗೆ ಜೀವ ಉಳಿಯುತ್ತದೆ. ಫೈಟಿಲ್ಲದೆಯೂ ಎದೆ ಹೊಡೆದುಕೊಳ್ಳುವ ಸೀನು!

ನನಗೆ ಅದಕ್ಕಿಂತ ದೊಡ್ಡದೆನಿಸಿದ್ದು ಇನ್ನೊಂದು. ಕಾಡಿನ ಗುಡಿಸಲು ಬಿಟ್ಟು ಹೊರಡುವಾಗ ದೆರ್ಸು ಕ್ಯಾಪ್ಟನ್ನನ ಹತ್ತಿರ ಅಕ್ಕಿ, ಉಪ್ಪು, ಬೆಂಕಿಕಡ್ಡಿ ಕೇಳಿ ಪಡೆದು ಅಲ್ಲೇ ಇಡುತ್ತಾನೆ. ಯಾರಿಗೆ? ಮುಂದೆಂದೋ ಬರುವ ಯಾವನೋ ದಾರಿಹೋಕನಿಗೆ!

ಈ ಕಥೆಯನ್ನು ನಮ್ಮ ತುಕ್ಕಾನಟ್ಟಿ ಹುಡುಗರಿಗೆ ಕಟ್ಟೆ ಮೇಲೆ ಹೇಳಿದೆ. ಎಲ್ಲರೂ ಅಪ್ಪು ಅಭಿಮಾನಿಗಳೇ. ಮಾರ್ಚ್ 17ರ ಹುಟ್ಟುಹಬ್ಬಕ್ಕೆ ಭಾರೀ ಫ್ಲೆಕ್ಸ್ ಕಟ್ಟಿದವರು. ಪ್ಲಾಸ್ಟಿಕ್ ಬೇಡವೆಂದವರ ಮುಖ ಪ್ಲಾಸ್ಟಿಕ್ ಮೇಲೆ! (ರಾಜ್ಯದಲ್ಲಿ ಫ್ಲೆಕ್ಸ್ ನಿಷೇಧವಾದದ್ದು 2016ರಲ್ಲೇ, ಅದು ಬೇರೆ ಮಾತು.)

“ಹ್ವಾದ ವರ್ಷದ ಫ್ಲೆಕ್ಸ್ ಎಲ್ಲೈತಿ?” ಅಂದೆ.

“ಕಣಕಿ ಬಣವಿ ಮ್ಯಾಲ ಹೊಚ್ಚೇವಿ ಅಣ್ಣಾ. ಹರದ ತುಂಡು ಹಳ್ಳದಾಗ ಹ್ವಾದ್ವು.”

ಹಳ್ಳ ಹೋಗಿ ಕೂಡುವುದು ಘಟಪ್ರಭೆಯನ್ನು. ಕಣಕಿಯ ಜೊತೆಗೆ ಉಳಿದ ಚೂರು ಎಮ್ಮೆಯ ಹೊಟ್ಟೆಗೆ.

“ಈ ಸಲ ಅರಿವಿ ಮ್ಯಾಲ ಬಣ್ಣದಾಗ ಬರಸ್ರಿ.”

“ಪೇಂಟರ್ ರೊಕ್ಕ ಭಾಳ ಕೇಳ್ತಾನಣ್ಣಾ!”

ತುದಿಗೆ ಕೂತಿದ್ದ ಸಣ್ಣ ಹುಡುಗನೊಬ್ಬ ಬಾಯಿ ಬಿಟ್ಟ: “ಕಟೌಟಿಗೆ ಸುರಿಯೂ ಹಾಲಿನ ರೊಕ್ಕ ಐತೆಲ್ಲಪಾ...”

ಎಲ್ಲರೂ ಅವನ ಕಡೆ ತಿರುಗಿದರು. ಎಷ್ಟು ಲೀಟರ್, ಎಷ್ಟು ರೊಕ್ಕ ಎಂದು ಲೆಕ್ಕ ಶುರುವಾಯಿತು!